ಚಳಿಗೆ ಹರಳಾದ ಆಲ್ಕೋಹಾಲ್

ಕಳೆದ ವರ್ಷ ಸಂಕ್ರಾಂತಿಗೆ ಸ್ವಲ್ಪ ಮುಂಚೆ ಕೋಲಾರದ ಕಾಲೇಜಿನಲ್ಲಿ ಪೋಷಕರ ಸಭೆ ಇತ್ತು. ನನ್ನ ಮಗಳು ಸಿಂಚನ ಅಲ್ಲಿ ಬಿ.ಎಸ್ಸಿ. ಓದುತ್ತಾಳೆ. ಸುಗಟೂರಿನ ಹತ್ತಿರ ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕಿ, ಶಾಲು ಹೊದ್ದು ಬಸ್ ಹತ್ತಿದೆ. ಆ ವಾರ ಎಂಥ ಚಳಿ ಅಂದರೆ, ಕೊಬ್ಬರಿ ಎಣ್ಣೆಯನ್ನು ಒಲೆ ಪಕ್ಕ ಇಟ್ಟು ಕರಗಿಸಬೇಕಿತ್ತು.

ಸಭೆ ಬೇಗ ಮುಗಿಯಿತು. "ಬಾಮ್ಮ, ನಮ್ ಲ್ಯಾಬ್ ತೋರಿಸ್ತೀನಿ" ಅಂತ ಸಿಂಚನ ಎಳೆದುಕೊಂಡು ಹೋದಳು. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದ್ದೇನೆ ಅಂತ ಅವಳಿಗೆ ಗೊತ್ತು. ಆದರೆ ನಮ್ಮ ಮನೆಯಲ್ಲಿ ಆ ಮಾತು ಬರೋದು ಯಾರದಾದರೂ ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಸುವಾಗ ಮಾತ್ರ.

ಲ್ಯಾಬಿನ ಕಪಾಟಿನಲ್ಲಿ ಕಂದು ಬಾಟಲಿಗಳ ಸಾಲು. ಒಂದರ ಮೇಲೆ 'ಟರ್ಷಿಯರಿ ಬ್ಯೂಟನಾಲ್' ಅಂತ ಇತ್ತು, ಅದೊಂದು ಬಗೆಯ ಆಲ್ಕೋಹಾಲು. ನನಗೇ ಗೊತ್ತಿಲ್ಲದಂತೆ ಕೈ ಚಾಚಿ ಬಾಟಲಿಯನ್ನು ಓರೆ ಮಾಡಿದೆ. ಒಳಗಿದ್ದದ್ದು ಅಲುಗಲಿಲ್ಲ.

"ಅಮ್ಮಾ, ಮುಟ್ಬೇಡಿ, ಅದು ಕೆಮಿಕಲ್ಲು" ಅಂದರು ಅಲ್ಲಿದ್ದ ಲೆಕ್ಚರರ್. ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಕ್ಷಮಿಸಿ ಮೇಡಂ. ಚಳಿಗೆ ಹರಳಾಗಿದೆಯಲ್ಲ, ಅದಕ್ಕೆ ನೋಡ್ದೆ. ನಾವು ಓದುವಾಗ ಇದನ್ನ ಗಾಜಿನ ಮೇಲೆ ಕರಗಿಸಿ, ಮತ್ತೆ ಹೆಪ್ಪುಗಟ್ಟೋದನ್ನ ಮೈಕ್ರೋಸ್ಕೋಪಲ್ಲಿ ನೋಡ್ತಿದ್ವಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಗೂಟದಲ್ಲಿದ್ದ ತಮ್ಮದೇ ಬಿಳಿ ಕೋಟು ತೆಗೆದು ನನ್ನ ಕೈಗೆ ಕೊಟ್ಟರು. "ತೋರಿಸ್ತೀರಾ? ನಾನೂ ಯಾವತ್ತೂ ನೋಡಿಲ್ಲ" ಅಂದರು.

ಸೀರೆಯ ಮೇಲೆ ಕೋಟು ತೊಟ್ಟು ಗುಂಡಿ ಹಾಕಿಕೊಂಡೆ. ಕಡ್ಡಿಯಲ್ಲಿ ಒಂದು ಚೂರು ಕೆರೆದು ಗಾಜಿನ ಮೇಲಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಅಂಗೈ ಮೇಲೆ ಹಿಡಿದೆ. ಮೈ ಬಿಸಿಗೇ ಅದು ನೀರಾಯಿತು. ಮೈಕ್ರೋಸ್ಕೋಪಿನ ಕೆಳಗಿಟ್ಟು ಕಾದೆ. ಒಂದು ಅಂಚಿನಿಂದ ಸೂಜಿಯಂಥ ಹರಳು ಮೊಳೆಯಿತು, ಅದರಿಂದ ಕವಲು, ಕವಲಿಗೆ ಮತ್ತೆ ಕವಲು. ನೋಡನೋಡುತ್ತ ಗಾಜಿನ ತುಂಬ ಹಕ್ಕಿಯ ಪುಕ್ಕ ಹರಡಿದ ಹಾಗಾಯಿತು.

ಲ್ಯಾಬಿನಲ್ಲಿದ್ದ ಮಕ್ಕಳು ಒಬ್ಬೊಬ್ಬರೇ ಬಗ್ಗಿ ನೋಡಿದರು. ಮುಳಬಾಗಿಲು ಕಡೆಯ ಹುಡುಗಿಯೊಬ್ಬಳು, ಮನೆಮಾತು ತೆಲುಗು ಇರಬೇಕು, "ಅಬ್ಬಾ, ಎಂತ ಬಾಗುಂದೋ!" ಅಂದುಬಿಟ್ಟಳು, ಎಷ್ಟು ಚೆನ್ನಾಗಿದೆ ಅಂತ. ಎಲ್ಲರೂ ನಕ್ಕರು.

"ಒಳಗೆ ಏನ್ ಆಗ್ತಿದೆ ಅಂತಲೂ ಹೇಳಿ" ಅಂದರು ಲೆಕ್ಚರರ್.

ಹೇಳಿದೆ. ಆಲ್ಕೋಹಾಲಿನ ಪ್ರತಿ ಅಣುವಿನಲ್ಲೂ ಆಮ್ಲಜನಕಕ್ಕೆ ಅಂಟಿದ ಒಂದು ಜಲಜನಕ ಇರುತ್ತದೆ. ಅದು ಪಕ್ಕದ ಅಣುವಿನ ಆಮ್ಲಜನಕದ ಕಡೆ ವಾಲುತ್ತದೆ. ಅದೇ ಹೈಡ್ರೋಜನ್ ಬಂಧ. ಮೆಥನಾಲ್ ಅನ್ನೋ ಆಲ್ಕೋಹಾಲಿನ ಅಣು ಚಿಕ್ಕದು, ಅದಕ್ಕೆ ಹರಳಿನಲ್ಲಿ ಅಂಕುಡೊಂಕು ಸರಪಳಿಯಾಗಿ ನಿಲ್ಲುತ್ತದೆ. ಇದರ ಹಾಗೆ ಮೈ ದಪ್ಪಗಿರುವ ಆಲ್ಕೋಹಾಲುಗಳಿಗೆ ಹಾಗೆ ಒತ್ತಾಗಿ ನಿಲ್ಲಲು ಜಾಗ ಸಾಲದು, ಹೆಚ್ಚಾಗಿ ಸುತ್ತಿಕೊಂಡೋ ಉಂಗುರವಾಗಿಯೋ ಕೂಡುತ್ತವೆ.

"ಕರಗಿದ್ರೆ ಬಿಟ್ಬಿಡ್ತಾವಾ ಆಂಟಿ?" ಅದೇ ಹುಡುಗಿ ಕೇಳಿದಳು.

"ಪೂರ್ತಿ ಬಿಡಲ್ಲಮ್ಮ. ಬಿಡ್ತಾವೆ, ಮತ್ತೆ ಇನ್ನೊಂದನ್ನ ಹಿಡೀತಾವೆ. ಒಂದೇ ಕಡೆ ನಿಲ್ಲಲ್ಲ, ಅಷ್ಟೇ."

"ಮೆಥನಾಲನ್ನ ಹರಳು ಮಾಡಿ ನೋಡಿದೀರಾ?" ಲೆಕ್ಚರರ್ ಕೇಳಿದರು.

ಇಲ್ಲ ಅಂದೆ. ಅದಕ್ಕೆ ಸೊನ್ನೆಗಿಂತ ನೂರು ಡಿಗ್ರಿ ಕೆಳಗಿನ ಥಂಡಿ ಬೇಕು. ಅಂಥ ಹರಳುಗಳ ಮೇಲೇ ಸಂಶೋಧನೆ ಮಾಡಲು ನನಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಿತ್ತು. ಸೇರಬೇಕಾದ ತಿಂಗಳೇ ನನ್ನ ತವರು ವಕ್ಕಲೇರಿಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಯಾರೂ ಹೋಗಬೇಡ ಅನ್ನಲಿಲ್ಲ. ನಾನೇ ಉಳಿದೆ. ಅಪ್ಪ ಎದ್ದು ಓಡಾಡುವ ಹೊತ್ತಿಗೆ ನನ್ನ ಮದುವೆಯಾಗಿತ್ತು. ಇದನ್ನೆಲ್ಲ ಅಲ್ಲಿ ಹೇಳಲಿಲ್ಲ.

ಹೊರಡುವಾಗ ಲೆಕ್ಚರರ್ ಬಾಗಿಲವರೆಗೂ ಬಂದರು. "ಮುಂದಿನ ಶನಿವಾರ ಸೀನಿಯರ್ ಮಕ್ಕಳಿಗೂ ತೋರಿಸ್ತೀರಾ ಮೇಡಂ?" ಈಗ 'ಅಮ್ಮಾ' ಹೋಗಿ 'ಮೇಡಂ' ಆಗಿತ್ತು. ಬರ್ತೀನಿ ಅಂದೆ. ಆ ಶನಿವಾರ ಹುಳುಗಳು ಗೂಡು ಕಟ್ಟಲು ಶುರುಮಾಡಿದವು. ಮನೆಬಿಟ್ಟು ಹೋಗುವ ಹಾಗಿರಲಿಲ್ಲ. ಆಮೇಲೆ ಬಿಸಿಲು ಏರಿತು. "ಬಾಟ್ಲಿಲಿರೋದು ನೀರಾಗಿದೆಯಮ್ಮ" ಅಂತ ಸಿಂಚನ ಒಂದು ದಿನ ಬಂದು ಹೇಳಿದಳು.

ಅದೆಲ್ಲ ಆಮೇಲಿನ ಮಾತು. ಸಭೆಯ ದಿನ ಮನೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. "ನೀನು ಅಲ್ಲಿ ಬೇರೆ ಥರ ಇದ್ದೆ ಕಣಮ್ಮ" ಅಂದಳು, ಅಷ್ಟೇ.

ಮನೆಗೆ ಬಂದಾಗ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು. ರೇಷ್ಮೆ ಹುಳುವಿಗೆ ಯಾವ ವಾಸನೆಯೂ ಆಗದು, ಸೋಪು ಹಾಕಿ ತೊಳೆದ ಕೈಯಲ್ಲೇ ಸೊಪ್ಪು ಮುಟ್ಟಬೇಕು. ತೊಟ್ಟಿ ಹತ್ತಿರ ಹೋಗಿ ಬೆರಳನ್ನು ಮೂಗಿಗೆ ಹಿಡಿದೆ. ಆ ಆಲ್ಕೋಹಾಲಿಗೆ ಕರ್ಪೂರದಂಥ ವಾಸನೆ. ತೀರಾ ಸಣ್ಣಗೆ ಇನ್ನೂ ಇತ್ತು. ಒಳಗಿಂದ ಯಜಮಾನರು "ಸೊಪ್ಪು ಬಾಡ್ತಾ ಇದೆ, ಬಾರೇ" ಅಂತ ಕೂಗಿದರು. ಬಂದೆ ಅಂದೆ. ಆದರೂ ನೀರಿಗೆ ಕೈ ಹಾಕಲು ಮನಸ್ಸು ಬರದೆ, ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.