ಕೊಲಂಬೊದಿಂದ ಮಾಲೆಗೆ ಒಂದೂವರೆ ಗಂಟೆ

ಶಕುನ, ಮನಸ್ಸಿಗೆ ತಾನಾಗಿ ಹೊಳೆಯುವುದು, ಕನಸಿನಲ್ಲಿ ಬರುವುದು, ಇವೆಲ್ಲ ಬರೀ ಬುರುಡೆ ಎನ್ನುತ್ತಿದ್ದವನು ನಾನು. ಈಗಲೂ ಮುಕ್ಕಾಲು ಪಾಲು ಹಾಗೇ ಅನ್ನುತ್ತೇನೆ. ಗೋಕುಲ ರಸ್ತೆಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ ಇದೆ. ಯಾವ ಊರಿಂದ ಯಾವ ಊರಿಗೆ ವಿಮಾನ ಎಷ್ಟು ಹೊತ್ತು ಹಾರುತ್ತದೆ ಅಂತ ಕಂಪ್ಯೂಟರ್ ನೋಡದೆ ಹೇಳಬಲ್ಲೆ. ಕೊಲಂಬೊದಿಂದ ಮಾಲ್ಡೀವ್ಸಿನ ಮಾಲೆಗೆ ಎಂಟುನೂರು ಕಿಲೋಮೀಟರಿಗೆ ತುಸು ಕಡಿಮೆ, ಒಂದೂವರೆ ಗಂಟೆ. ಎರಡೂ ದ್ವೀಪ, ನಡುವೆ ಬರೀ ಸಮುದ್ರ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಸವಿತಾ ಆ ದಾರಿ ಹಿಡಿದು ಹೋದಳು. ಅವಳ ಗಂಡ ಬಸವರಾಜ ಮಾಲೆಯ ಹೋಟೆಲೊಂದರಲ್ಲಿ ಎಸಿ ಮೆಕ್ಯಾನಿಕ್. ಎದೆನೋವು ಬಂದು ಆಸ್ಪತ್ರೆ ಸೇರಿದ್ದ. ಅಲ್ಲಿಯ ಹನ್ನೆರಡೂವರೆಗೆ ಆಪರೇಷನ್. ಮುಂದೂಡಿದರೆ ಜೀವಕ್ಕೆ ಅಪಾಯ ಎಂದಿದ್ದರು ಡಾಕ್ಟರು. ಇವನೋ ಮೊಂಡ. ಹೆಂಡತಿಯ ಮುಖ ನೋಡುವ ತನಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದು ಮಲಗಿದ್ದ. ನೇರ ವಿಮಾನದಲ್ಲಿ ಸೀಟು ಸಿಗದೆ ಕೊಲಂಬೊ ಮೇಲೆ ಟಿಕೆಟ್ ಮಾಡಿದವನು ನಾನೇ. ಕೊಲಂಬೊದಿಂದ ಹತ್ತಕ್ಕೆ ಏರಬೇಕಿದ್ದ ವಿಮಾನ ಹನ್ನೆರಡಕ್ಕೆ ಏರಿತು. ಅದಕ್ಕೂ ಮುಂಚೆ ಸವಿತಾ ಸೀಟಿನಲ್ಲಿ ಕುಳಿತು ಅಳುತ್ತ ಫೋನ್ ಮಾಡಿದ್ದಳು. ಇನ್ನು ಅವಳು ಇಳಿಯುವುದು ನಮ್ಮ ಒಂದೂವರೆಗೆ. ಮಾಲೆಯ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ಅಂದರೆ ಆಪರೇಷನ್ ನಮ್ಮ ಒಂದು ಗಂಟೆಗೆ. ಕೆಲಸ ಕೆಟ್ಟಿತು ಅಂದುಕೊಂಡೆ.

ಬೆಂಗೇರಿಯ ಮನೆಗೆ ಹೋದೆ. ಅವ್ವನಿಗೆ ಇದನ್ನು ಹೇಳುವ ಎದೆ ಆಗಲಿಲ್ಲ. ಊರಿಗೆ ಹೋದವರು ಮುಟ್ಟುವ ತನಕ ಮನೆಯ ಕಸ ಗುಡಿಸಬಾರದು ಎಂಬುದು ಅವಳ ನೇಮ. ಸವಿತಾ ಹಿಂದಿನ ದಿನ ಹೊರಟಾಗಿನಿಂದ ಪಡಸಾಲೆಯ ಕಸ ಹಾಗೇ ಬಿದ್ದಿತ್ತು. ಸುಮ್ಮನೆ ಕುಳಿತಿದ್ದ ಅವ್ವ ಒಮ್ಮೆಲೆ ಎದ್ದು ಕಸಬರಿಗೆ ತಗೊಂಡು ಗುಡಿಸತೊಡಗಿದಳು. ನನಗೆ ಸಿಟ್ಟು ಬಂತು. ಗಡಿಯಾರ ತೋರಿಸಿ, ಈಗಿನ್ನೂ ಹನ್ನೆರಡು ನಲವತ್ತು, ಅವಳು ಸಮುದ್ರದ ಮೇಲಿದ್ದಾಳೆ ಎಂದು ಗದರಿದೆ.

"ಮುಟ್ಟ್ಯಾಳ ತಗೋ," ಅಂದಳು ಅವ್ವ, ತಲೆ ಎತ್ತದೆ. "ಗಂಡನ ಕೈ ಹಿಡಕೊಂಡು ಕುಂತಾಳ."

ಒಂದು ನಲವತ್ತಕ್ಕೆ ಸವಿತಾಳ ಫೋನ್ ಬಂತು. ಆಗಷ್ಟೇ ಇಳಿದಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಸವರಾಜನನ್ನು ಒಳಗೆ ಒಯ್ದಾಗಿತ್ತು. ಸಹಿ ಹಾಕಿದ್ದನಂತೆ. ಜೀವಭಯಕ್ಕೆ ಹಟ ಬಿಟ್ಟ, ಅವ್ವನ ಮಾತು ಸುಳ್ಳಾಯಿತು ಎಂದು ನಾನು ಬೀಗಿದ್ದೂ ಖರೆ.

ಅವನು ಬದುಕಿದ. ಊರಿಗೆ ಬಂದಾಗ ಆಸ್ಪತ್ರೆಯ ಫೈಲು ತೋರಿಸುತ್ತ ಹೆಂಡತಿಯ ಕಡೆ ಕೈ ಮಾಡಿದ.

"ಈಕಿ ಬಂದು ಕೈ ಹಿಡದು, ಸಹಿ ಹಾಕ್ರಿ ಅಂದ್ಲು. ಅದಕ್ಕ ಹಾಕಿದೆ ನೋಡ್ರಿ."

ಒಪ್ಪಿಗೆ ಪತ್ರದಲ್ಲಿ ಅವನ ಸಹಿಯ ಪಕ್ಕ ಸಮಯ ಬರೆದಿತ್ತು: ಹನ್ನೆರಡು ಹತ್ತು. ಅರ್ಧ ಗಂಟೆ ಕೂಡಿಸಿದೆ. ನಮ್ಮ ಹನ್ನೆರಡು ನಲವತ್ತು. ಔಷಧದ ಮಂಪರು ಎನ್ನೋಣವೆಂದರೆ ಅರಿವಳಿಕೆ ಕೊಟ್ಟದ್ದೇ ಸಹಿಯಾದ ಮೇಲೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಸವಿತಾ ಕಣ್ಸನ್ನೆ ಮಾಡಿದಳು. ಆಮೇಲೆ ಅಡುಗೆಮನೆಯಲ್ಲಿ ಅವಳನ್ನು ಹಿಡಿದು ಕೇಳಿದೆ. ವಿಮಾನದಲ್ಲಿ ಅತ್ತು ಅತ್ತು ನಿದ್ದೆ ಹತ್ತಿತ್ತಂತೆ, ಬೇರೇನೂ ನೆನಪಿಲ್ಲವಂತೆ.

"ಅವರ ಮುಂದ ನಿನ್ನ ಲೆಕ್ಕಾ ಹೇಳಬ್ಯಾಡ ಅಣ್ಣಾ. ಆ ಹೊತ್ತಿನಾಗ ನಾ ಇದ್ದೆ ಅಂತನ ಅವರು ಜೀವಾ ಹಿಡದಾರ."

ನಾನು ಹೇಳಿಲ್ಲ. ತಂಗಿಗಾಗಿ ಸುಮ್ಮನಿದ್ದೇನೆ ಅಂದರೆ ಅದು ಅರ್ಧ ಸುಳ್ಳು. ಆ ಹೊತ್ತಿಗೆ ಅವಳು ಅಲ್ಲಿರಲಿಲ್ಲ ಎಂದು ಎದೆ ತಟ್ಟಿ ಹೇಳುವುದು ಈಗ ನನ್ನಿಂದಲೇ ಆಗುವುದಿಲ್ಲ.