ಹದಿನೈದು ಇಂಚು ನಾಲ್ಕು ಸೂತ

ನಮ್ಮ ಅಡುಗೆಮನೆಯ ಕಪಾಟಿಗೆ ಬಾಗಿಲು ಮಾಡಿಕೊಟ್ಟವಳು ಬೆಟಗೇರಿಯ ದುರ್ಗಾ. ಹೇಳಿದ ದಿನಕ್ಕೆ ಕೊಡಲಿಲ್ಲ. ಕೇಳಲು ಹೋದಾಗಲೆಲ್ಲ ಕಂಪ್ಯೂಟರ್ ಮುಂದೆ ಕೂತು, "ಇನ್ನೊಂದು ಸಾಫ್ಟ್‌ವೇರ್ ನೋಡಾಕತ್ತೇನ್ರಿ ಅಕ್ಕಾರ" ಅನ್ನುತ್ತಿದ್ದಳು. ಸೀರೆ ಆರಿಸುತ್ತ ಕೂತವರನ್ನು ಬೇಕಾದಷ್ಟು ಕಂಡಿದ್ದೇನೆ, ಸಾಫ್ಟ್‌ವೇರ್ ಆರಿಸುತ್ತ ಕೂತವರನ್ನು ಕಂಡದ್ದು ಅದೇ ಮೊದಲು. ಸಿಟ್ಟು ಬರುತ್ತಿತ್ತು. ಏನು ಮಾಡುತ್ತಾಳೆಂದು ಇಣುಕದೇ ಇರಲೂ ಆಗುತ್ತಿರಲಿಲ್ಲ.

ಮುಂಡರಗಿಯ ಹುಡುಗಿ ಆಕೆ. ಮದುವೆಗೆ ಮುಂಚೆ ಲಕ್ಷ್ಮೇಶ್ವರದ ಕಂಪ್ಯೂಟರ್ ಕಸೂತಿ ಅಂಗಡಿಯಲ್ಲಿ ರವಿಕೆಗಳಿಗೆ ನವಿಲು, ಬಳ್ಳಿ ಹಾಕುತ್ತಿದ್ದಳು. ಮಾವ ಗಾಳೆಪ್ಪಜ್ಜ ಹಳೆಯ ಬಡಗಿ. ಗಂಡ ಸೋಮೇಶ ಯಾರೋ ಮಾರಿದ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಹಲಗೆ ಕೊರೆಯುವ ಯಂತ್ರ, ತಂದು ನಿಲ್ಲಿಸಿದಾಗ ಹೆದರದೆ ಅದರ ಮುಂದೆ ಕೂತವಳು ಇವಳೊಬ್ಬಳೇ. "ಅರಿವ್ಯಾಗ ಸೂಜಿ ಓಡ್ತಿತ್ತು, ಕಟಗ್ಯಾಗ ಬಿಟ್ ಓಡ್ತೈತಿ, ಅಷ್ಟ ಫರಕು" ಅಂದಳಂತೆ. ಅಜ್ಜ ಟೇಪು ಹಿಡಿದು ಅಳತೆ ಕೂಗುವುದು, ಸೊಸೆ ಕಂಪ್ಯೂಟರಿಗೆ ಹಾಕುವುದು, ಹೀಗೆ ಕೆಲಸ ನಡೆದಿತ್ತು.

ಸಾಫ್ಟ್‌ವೇರ್ ಮಾತ್ರ ತಲೆನೋವು. ಎಲ್ಲವೂ ಇರುವ ಒಂದರ ಬೆಲೆಗೆ ಎಮ್ಮೆಯನ್ನೇ ಕೊಳ್ಳಬಹುದಿತ್ತು. ಇನ್ನೊಂದು ಅಗ್ಗ, ಆದರೆ ಅದಕ್ಕೆ ಮಿಲಿಮೀಟರ್ ಬಿಟ್ಟು ಬೇರೆ ಲೆಕ್ಕ ತಿಳಿಯದು. ಪುಕ್ಕಟೆ ಸಿಗುವುದು ಇಂಟರ್ನೆಟ್ ಹೋದರೆ ತಾನೂ ಹೋಗುತ್ತಿತ್ತು. ಕೊನೆಗೆ ಆ ಪುಕ್ಕಟೆಯದರಲ್ಲೇ ನಮ್ಮ ಬಾಗಿಲು ಕೊರೆದು ತಂದರು.

ಸೋಮೇಶ ಬಾಗಿಲುಗಳನ್ನು ಕಪಾಟಿಗೆ ಕೂಡಿಸಿದ. ಎಲ್ಲೆಲ್ಲೂ ಸಂದಿ!

"ಇಷ್ಟು ದಿನ ಕಾಯಿಸಿ ಜಿರಳಿಗೆ ದಾರಿ ಮಾಡಿಕೊಟ್ರೇನು?" ಎಂದು ನಾನು ರೇಗಿದೆ.

ಗಾಳೆಪ್ಪಜ್ಜ ಮತ್ತೆ ಮತ್ತೆ ಟೇಪು ಎಳೆದು ನೋಡಿದ. "ತಪ್ಪು ನಂದ್ರಿ ಅಕ್ಕಾರ. ಕಣ್ಣು ಮಸಕಾಗ್ಯಾವು. ಇನ್ನ ನಾ ಅಳತಿ ತಗೊಳ್ಳಾಂಗಿಲ್ಲ" ಅಂದು ಟೇಪನ್ನು ಸೊಸೆಯ ಕೈಗಿಟ್ಟ. ನನ್ನ ಸಿಟ್ಟು ಜರ್ರನೆ ಇಳಿಯಿತು.

ದುರ್ಗಾ ಮಾತ್ರ ಕಪಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೇ ಇದ್ದಳು. "ಮಾವಾ, ಈ ಎರಡು ಬಾಗಲಾ ಬರೋಬ್ಬರಿ ಕುಂತಾವು. ಕಣ್ಣು ಮಸಕಾಗಿದ್ರ ಇವೂ ತಪ್ಪಬೇಕಿತ್ತಲ್ಲ?"

ಕಪಾಟಿನ ಖಾನೆಗಳನ್ನು ತಾನೇ ಅಳೆದಳು. ಸರಿ ಕೂತ ಎರಡೂ ಪೂರ್ತಿ ಇಂಚಿನವು. ಸಂದಿ ಬಿಟ್ಟವಕ್ಕೆಲ್ಲ ಇಂಚಿನ ಮೇಲೆ ಬಡಗಿಗಳ ಸೂತ, ಅಂದರೆ ಇಂಚಿಗಿಂತ ಸಣ್ಣ ಅಳತೆ, ಇತ್ತು. ಸೂತ ಹೆಚ್ಚಿದಷ್ಟೂ ಸಂದಿ ಅಗಲ.

"ಮಾವಾ, ಎಷ್ಟು ಸೂತಕ್ಕ ಒಂದು ಇಂಚು?"

"ಎಂಟು. ಬಡಗ್ಯಾರ ಮನಿ ಸೊಸಿ ಇದನ್ನ ಕೇಳ್ತಿಯೇನು?"

ದುರ್ಗಾ ಹಣೆ ಚಚ್ಚಿಕೊಂಡಳು. "ನೀವು ಹದಿನೈದು ಇಂಚು ನಾಕು ಸೂತ ಅಂದ್ರಿ. ನಾ ಹದಿನೈದು ಪಾಯಿಂಟ್ ನಾಕು ಅಂತ ಹಾಕೀನಿ. ಕಸೂತ್ಯಾಗ ಎಲ್ಲಾ ಹತ್ತರ ಲೆಕ್ಕ ಇತ್ತು. ನಿಮ್ಮ ಕಣ್ಣು ಚಲೋ ಅದಾವು, ತಪ್ಪು ನಂದು."

ಅವಳು ಚಾಚಿದ ಟೇಪನ್ನು ಅಜ್ಜ ತೆಗೆದುಕೊಳ್ಳಲಿಲ್ಲ. "ಮಷೀನಿಗೆ ಸೂತ ತಿಳಿಯಂಗಿಲ್ಲ ಅಂದ್ರ ನಂದೇನು ಕೆಲಸ? ಆ ಮಿಲಿಮೀಟರ್ ಲೆಕ್ಕದ ಸಾಫ್ಟ್‌ವೇರನ್ನ ತಗೋ. ಸೋಮೇಶ ಅಳೀತಾನ."

ಅಂದಿನಿಂದ ದುರ್ಗಾ ಸಾಫ್ಟ್‌ವೇರ್ ಆರಿಸುವ ರೀತಿಯೇ ಬದಲಾಯಿತು. ಯಾವುದನ್ನು ತೆರೆದರೂ ಅಳತೆಯ ಜಾಗದಲ್ಲಿ ಮೊದಲು ಹದಿನೈದು, ಕೂಡಿಸುವ ಗುರುತು, ಎಂಟರಲ್ಲಿ ನಾಲ್ಕು ಎಂದು ಹಾಕುವಳು. ಅಗ್ಗದ್ದು ಒಪ್ಪಲಿಲ್ಲ. ದುಬಾರಿಯದು ಒಪ್ಪಿತು, ಎಮ್ಮೆಯ ಬೆಲೆಗೆ ಅಷ್ಟಾದರೂ ಬೇಡವೇ! ಆಮೇಲೆ ಅದೇ ಕಂಪನಿಯ ಸಣ್ಣದೊಂದು ಸಿಕ್ಕಿತು, ಅದೂ ಒಪ್ಪಿತು. ಅದಕ್ಕೆ ಮೂರ್ತಿ ಕೆತ್ತಲು ಬಾರದು, ಕಪಾಟಿನ ಬಾಗಿಲಿಗೆ ಧಾರಾಳ ಸಾಕು. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳು ತಿಂಗಳು ಬಾಡಿಗೆ ಕಟ್ಟುವ ಕಾಟವಿಲ್ಲ.

ಮರುವಾರ ನಮ್ಮ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮಾವನಿಗೆ ಟೇಪು ಚಾಚಿದಳು. "ಇದಕ್ಕ ಸೂತ ತಿಳೀತೈತಿ ಮಾವಾ. ಕೂಗ್ರಿ."

ಅಜ್ಜ ಪರದೆಯನ್ನು ನೋಡಿದ, ಅವಳನ್ನು ನೋಡಿದ. ಟೇಪು ತೆಗೆದುಕೊಂಡ.

"ಹದಿನೈದು ಇಂಚು, ನಾಕು ಸೂತ!" ಬೀದಿಯ ಕೊನೆಗೂ ಕೇಳಿಸಿರಬೇಕು.

ಒಂದೊಂದಾಗಿ ಎಲ್ಲ ಖಾನೆಗಳನ್ನೂ ಅಳೆದ. ಬಾಗಿಲು ಸರಿ ಕೂತಿದ್ದ ಆ ಎರಡನ್ನೂ ಬಿಡದೆ ಅಳೆದು ಕೂಗಿದ. ದುರ್ಗಾ ಅವನ್ನೂ ಹಾಕಿಕೊಂಡಳು.