ಸಾಲಿನ ಮೊದಲನೇ ಗಾಡಿ

ನಮ್ಮ ಯಜಮಾನರು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಮೂವತ್ತೊಂದು ವರ್ಷ ಜನರ ಮೂಳೆ ನೋಡಿದ್ದಾರೆ, ಮನಸ್ಸು ನೋಡುವುದನ್ನು ಮಾತ್ರ ಕಲಿಯಲಿಲ್ಲ. ನಾನು ಹೀಗೆ ಅಂದಾಗಲೆಲ್ಲ ನಗುತ್ತಾರೆ.

ನಮ್ಮದೊಂದು ಹಳೇ ಕಾರಿದೆ. ಎರಡೇ ಬಾಗಿಲು, ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ತಯಾರಿಸಿದ ಕಂಪನಿ ನಾಲ್ಕೇ ವರ್ಷಕ್ಕೆ ಬಾಗಿಲು ಹಾಕಿತು. ಬೀದಿಯ ಮಕ್ಕಳು ಅದಕ್ಕೆ ಡಬ್ಬಿ ಅಂತ ಹೆಸರಿಟ್ಟರು, ನಾವೂ ಹಾಗೇ ಕರೆಯುತ್ತೇವೆ. ಸುತ್ತಮುತ್ತಲ ಊರುಗಳನ್ನೆಲ್ಲ ಜಾಲಾಡಿದರೆ ಇಂಥ ಡಬ್ಬಿ ಇಪ್ಪತ್ತಮೂರು ಸಿಗುತ್ತವೆ. ಜಾಲಾಡಿದವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಒಂದೊಂದು ಗಾಡಿಗೂ ಆಸ್ಪತ್ರೆಯಿಂದ ತಂದ ಒಂದೊಂದು ಹಳೇ ಎಕ್ಸ್‌ರೇ ಕವರು. ಒಳಗೆ ಮಾಲೀಕರ ವಿಳಾಸ, ಫೋನ್ ನಂಬರು, ಗಾಡಿಯ ಕಾಯಿಲೆಗಳ ಪಟ್ಟಿ. ಕವರಿನ ಹಿಂಬದಿಯಲ್ಲಿ ಈ ಡಬ್ಬಿಗಳನ್ನೆಲ್ಲ ಕೂಡಿಸಿ ಇವರು ವರ್ಷಕ್ಕೊಂದು ಸಲ ನಡೆಸುವ ಮೇಳದ ಹಾಜರಿ: ಬಂದಿದೆ, ಇಲ್ಲವೇ ಬಂದಿಲ್ಲ. ಬೀರುವಿನ ಮೇಲಿನೆರಡು ಅರೆ ಈ ಕವರುಗಳಿಗೆ, ನನ್ನ ಬಟ್ಟೆಗೆ ಕೆಳಗಿನದೊಂದು.

ಮೊದಲ ಮೇಳಕ್ಕೆ ಒಬ್ಬ ಎಂಜಿನ್ನೇ ಇಲ್ಲದ ಗಾಡಿಗೆ ಬಣ್ಣ ಹೊಡೆಸಿ ಲಾರಿಯಲ್ಲಿ ತಂದಿಳಿಸಿ ಮೆರೆದಿದ್ದ. ಇವರಿಗೆ ಮೈಯೆಲ್ಲ ಉರಿದುಹೋಯಿತು. ಕೂಡಲೇ ನಿಯಮ ಬರೆದರು: ತನ್ನ ಚಕ್ರದ ಮೇಲೆ ತಾನೇ ಓಡಿ ಬಂದ ಗಾಡಿಗೆ ಮಾತ್ರ ಸಾಲಿನಲ್ಲಿ ಜಾಗ, ಅದರ ಮಾಲೀಕರಿಗೆ ಮಾತ್ರ ಫೋಟೋದಲ್ಲಿ ಜಾಗ. ಅಂದಿನಿಂದ ಮೇಳದ ಬ್ಯಾನರಿನ ಕೆಳತುದಿಯಲ್ಲಿ ಅದೇ ನಿಯಮ.

ನಾಲ್ಕನೇ ವರ್ಷ ಡ್ರಾಯಿಂಗ್ ಮೇಷ್ಟ್ರ ಗಾಡಿ ಮೇಳದ ಮೈದಾನ ಇನ್ನೇನು ಬಂತು ಅನ್ನುವಾಗ ಕೈಕೊಟ್ಟಿತು. ಎಪ್ಪತ್ತು ದಾಟಿದವರು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಇವರು ಗೇಟಿನ ಹೊರಗೇ ತಡೆದರು. ಮೇಷ್ಟ್ರು ಗಾಡಿಯೊಳಗೇ ಕೂತು, ತಂದಿದ್ದ ಬುತ್ತಿ ಉಂಡು ಹೋದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವರ ಕವರಿನ ಹಿಂದೆ ಆ ವರ್ಷ ಬಂದಿಲ್ಲ ಅಂತ ಬಿತ್ತು. ಅಷ್ಟು ಕಟುಕರಾಗಬೇಡಿ ಅಂದಿದ್ದಕ್ಕೆ ನನಗೆ ಸಿಕ್ಕ ಉತ್ತರ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು.

ಇವರ ಗಾಡಿಯಾದರೂ ಸಾಲಿನಲ್ಲಿ ನಿಂತಿತ್ತೇ? ಪ್ರತಿ ವರ್ಷ ಎಲ್ಲರಿಗಿಂತ ಮುಂಚೆ ಹೋಗಿ, ನಮ್ಮ ಡಬ್ಬಿಯನ್ನು ಗೇಟಿನ ಪಕ್ಕ ನಿಲ್ಲಿಸಿ, ಬ್ಯಾನರಿನ ಒಂದು ತುದಿಯನ್ನು ಅದಕ್ಕೆ ಬಿಗಿಯುವರು. ಫೋಟೋ ತೆಗೆಯುವುದೂ ಇವರೇ. ಹಾಗಾಗಿ ಒಂಬತ್ತು ವರ್ಷದ ಒಂಬತ್ತು ಫೋಟೋಗಳಲ್ಲಿ ನಮ್ಮ ಗಾಡಿಯೂ ಇಲ್ಲ, ನಾವೂ ಇಲ್ಲ. ಒಂಬತ್ತನೇ ಮೇಳದಲ್ಲಿ, ಡಬ್ಬಿ ಮಾಲೀಕರ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಮೈಕಿನಲ್ಲಿ ಘೋಷಿಸಿದರು: ಹತ್ತನೇ ಮೇಳದಲ್ಲಿ ಇವರದೇ ಸಾಲಿನ ಮೊದಲನೇ ಗಾಡಿ, ಫೋಟೋದಲ್ಲಿ ದಂಪತಿಗಳು ನಟ್ಟನಡುವೆ. ಚಪ್ಪಾಳೆ ಬಿತ್ತು. ಅಲ್ಲಿಂದ ವರ್ಷವಿಡೀ ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಾಡಿಗೆ ಬಣ್ಣ ಹೊಡೆಸಿದರು, ಫೋಟೋಗೆಂದು ಹೊಸ ಅಂಗಿ ಹೊಲಿಸಿದರು. ಸುಳ್ಳೇಕೆ, ನಾನೂ ಕನ್ನಡಿ ಮುಂದೆ ಒಂದೆರಡು ಸಲ ನಿಂತೆ.

ಮೇಳಕ್ಕೆ ಹದಿನೈದು ದಿನವಿದೆ ಅನ್ನುವಾಗ ಡಾಕ್ಟರ ಫೋನು ಬಂತು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಎತ್ತಿಕೊಡುವ ಪಂಪು ಕೆಟ್ಟಿದೆಯಂತೆ. ಹೊಸದು ಹೊರದೇಶದಿಂದ ಹೊರಟಿದೆಯಂತೆ. ಅಲ್ಲಿಯವರೆಗೆ ನಮ್ಮದನ್ನು ಬಿಚ್ಚಿ ಕೊಟ್ಟರೆ, ಹೊಸದು ಬಂದ ದಿನವೇ ತಂದುಕೊಡುತ್ತಾರಂತೆ. ಇವರು ಆ ಸಂಜೆಯೇ ಸ್ಪ್ಯಾನರ್ ಹಿಡಿದು ನೆಲಕ್ಕೆ ಕೂತರು. ವೈಪರಿನ ಮೋಟಾರು ಹೀಗೆಯೇ ಸಂಘದ ಕಂಟ್ರಾಕ್ಟರೊಬ್ಬರ ಪಾಲಾಗಿತ್ತು, ಪಕ್ಕದ ಕನ್ನಡಿ ವಕೀಲರೊಬ್ಬರ ಪಾಲಾಗಿತ್ತು. ಹೋದದ್ದು ಯಾವುದೂ ತಿರುಗಿ ಬಂದದ್ದಿಲ್ಲ. ಅದನ್ನೇ ಇವರಿಗೆ ಹೇಳಿದೆ.

"ಅಧ್ಯಕ್ಷರ ಗಾಡಿನೇ ಬರ್ಲಿಲ್ಲ ಅಂದ್ರೆ ಮೇಳ ಏನು ಚಂದ ಹೇಳು?" ಅಂದರು.

ಹತ್ತು ದಿನ ಬಿಟ್ಟು ಫೋನು ಮಾಡಿದರೆ, ಪಾರ್ಸಲ್ ದಾರಿಯಲ್ಲಿದೆ. ಆಮೇಲೆ ಮಾಡಿದರೆ, ಡಾಕ್ಟರು ರೋಗಿಯ ಬಾಯೊಳಗೆ ಕೈ ಹಾಕಿದ್ದಾರೆ. ಹಿಂದಿನ ದಿನ ಮಾಡಿದರೆ ಫೋನೇ ಹತ್ತಲಿಲ್ಲ. ಮೇಳದ ದಿನ ಬೆಳಿಗ್ಗೆ ಇವರು ಹೊಸ ಅಂಗಿ ತೊಟ್ಟು, ಒರೆಸಿ ಮಿರಿಮಿರಿ ಮಾಡಿದ್ದ ಗಾಡಿಯ ಪಕ್ಕ ಮೆಟ್ಟಿಲ ಮೇಲೆ ಒಂದು ಗಂಟೆ ಕೂತರು. ಆಮೇಲೆ ಬ್ಯಾನರನ್ನು ಕಂಕುಳಲ್ಲಿ ಇಟ್ಟುಕೊಂಡು, "ನಡಿ, ಬಸ್ಸಿಗೆ ಹೊತ್ತಾಗುತ್ತೆ" ಅಂದರು.

ಮೈದಾನಕ್ಕೆ ಎಲ್ಲರಿಗಿಂತ ಮೊದಲು ಹಾರ್ನ್ ಹೊಡೆಯುತ್ತ ಬಂದವರು ಡಾಕ್ಟರು. ಪಾರ್ಸಲ್ ಇನ್ನೂ ಕೈ ಸೇರಿಲ್ಲ ಸಾರ್ ಅಂತ ಕೈ ಕೈ ಹಿಸುಕಿಕೊಂಡರು. ಇವರೇ ಅವರಿಗೆ ಸಮಾಧಾನ ಹೇಳಿದರು. ಗಾಡಿಗಳು ಒಂದೊಂದಾಗಿ ಬಂದು ನಿಂತವು. ಮೊದಲನೇ ಜಾಗ ಖಾಲಿಯಿತ್ತಲ್ಲ, ಡಾಕ್ಟರ ಗಾಡಿ ಯಾರನ್ನೂ ಕೇಳದೆ ಅಲ್ಲಿಗೆ ಸರಿಯಿತು.

ಡಾಕ್ಟರ ಹೆಂಡತಿ ನೀರಿನ ಬಾಟಲಿ ತರಲು ನನ್ನ ಕೈಗೆ ಕೀ ಕೊಟ್ಟರು. ಡಿಕ್ಕಿ ಎತ್ತಿದೆ. ಬಾಟಲಿಗಳ ಪಕ್ಕದಲ್ಲೇ ಹೊರದೇಶದ ಅಂಚೆಚೀಟಿ ಹಚ್ಚಿದ ರಟ್ಟಿನ ಪೆಟ್ಟಿಗೆ, ಒಳಗೆ ಹೊಚ್ಚಹೊಸ ಪಂಪು. ಪೆಟ್ಟಿಗೆ ಮೇಲಿನ ಮುದ್ರೆಯ ಪ್ರಕಾರ ಅದು ಬಂದು ಎಂಟು ದಿನವಾಗಿತ್ತು. ನನ್ನ ಪಿತ್ತ ನೆತ್ತಿಗೇರಿತು. ಅದನ್ನು ಹೊತ್ತುಕೊಂಡು ಹೋಗಿ ಎಲ್ಲರ ನಡುವೆ ನಿಂತಿದ್ದ ಡಾಕ್ಟರ ಮುಂದೆ ಹಿಡಿದೆ.

"ಇದು ಯಾವಾಗ ಬಂತು ಡಾಕ್ಟ್ರೇ?"

ಅವರ ಮುಖ ಚೂರೂ ಕೆಡಲಿಲ್ಲ. "ಓ, ಅದಾ. ನಿಮ್ಮ ಪಂಪು ಚೆನ್ನಾಗಿ ಕೂತುಬಿಟ್ಟಿದೆ, ಯಾಕೆ ಕದಲಿಸೋದು ಅಂತ ಬಿಟ್ಟೆ. ದಾರೀಲಿ ಏನಾದ್ರೂ ಆದ್ರೆ ಇರ್ಲಿ ಅಂತ ಇದನ್ನ ಇಟ್ಕೊಂಡೆ. ನಾಳೆ ಕಳಿಸ್ತೀನಿ ಬಿಡಿ."

ನಾನು ಯಜಮಾನರ ಕಡೆ ನೋಡಿದೆ. ಬೈಯಲಿ, ಕೊನೇಪಕ್ಷ ಒಂದು ಮಾತು ಕೇಳಲಿ ಅಂತ ಕಾದೆ. ಇವರು ನನ್ನ ಕೈಯಿಂದ ಪೆಟ್ಟಿಗೆ ತಗೊಂಡು ಹೋಗಿ ಡಾಕ್ಟರ ಡಿಕ್ಕಿಯಲ್ಲೇ ಇಟ್ಟು ಮುಚ್ಚಿದರು.

"ವಾಪಸ್ ಹೋಗೋವಾಗ ಬೇಕಾದೀತು ಅವರಿಗೆ" ಅಂದರು. ನನಗೆ ಅಳು ಬಂತು. ಯಾರ ಮೇಲೆ ಹೆಚ್ಚು ಸಿಟ್ಟಿತ್ತೋ ಇವತ್ತಿಗೂ ಹೇಳಲಾರೆ.

ಫೋಟೋ ಹೊತ್ತಿಗೆ ಯಾರೋ, ನೀವೂ ಬಂದು ನಿಂತ್ಕೊಳ್ಳಿ ಅಂತ ಕರೆದರು. ಇವರು ಒಂದು ಹೆಜ್ಜೆ ಮುಂದಿಟ್ಟರು, ಬ್ಯಾನರಿನ ಮೇಲಿದ್ದ ತಮ್ಮದೇ ನಿಯಮ ನೋಡಿದರು, ಗಾಡಿ ಬಂದಿಲ್ಲವಲ್ಲ ಅಂತ ಕ್ಯಾಮೆರಾ ಹಿಂದೆ ಹೋದರು. ಇನ್ನೊಂದು ಸಲ ಕರೆದವರಿಲ್ಲ.

"ಉಸಿರು ಹಿಡ್ಕೊಳ್ಳಿ" ಅಂದರು, ಆಸ್ಪತ್ರೆಯ ಅಭ್ಯಾಸ. ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗುವೇ ಫೋಟೋದಲ್ಲಿ ಬಿದ್ದಿದೆ, ಚೆನ್ನಾಗಿ ಬಂದಿದೆ ಅಂತ ಎಲ್ಲರೂ ಹೊಗಳಿದರು.

ಸಂಜೆ ಮನೆಗೆ ಬಂದು, ಅಂಗಿಯನ್ನೂ ಬಿಚ್ಚದೆ, ಕವರುಗಳನ್ನು ಹರಡಿಕೊಂಡು ಕೂತರು. ಬಂದ ಗಾಡಿಗಳಿಗೆಲ್ಲ ಬಂದಿದೆ ಅಂತ ಬರೆದರು. ಕೊನೆಗೆ ನಮ್ಮ ಡಬ್ಬಿಯ ಕವರು ತೆಗೆದು, ಒಂಬತ್ತು ವರ್ಷದ ಹಾಜರಿಯ ಕೆಳಗೆ ಬಂದಿಲ್ಲ ಅಂತ ಬರೆದರು.

"ಯಾಕೆ ಬಂದಿಲ್ಲ ಅಂತಾನೂ ಬರೀರಿ" ಅಂದೆ.

ಪೆನ್ನಿನ ಮುಚ್ಚಳ ಹಾಕಿದರು.

"ಡ್ರಾಯಿಂಗ್ ಮೇಷ್ಟ್ರ ಕವರಲ್ಲಿ ಯಾಕೆ ಅಂತ ಬರ್ದಿಲ್ವಲ್ಲ" ಅಂದರು.